ಪ್ರಶ್ನೆಯಿಲ್ಲದ ಶಾಸನ

ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಶೂನ್ಯಸಿಂಹಾಸನಾಧೀಶ್ವರರಾದ ಅಲ್ಲಮಪ್ರಭುದೇವರು ಆಕೆಯನ್ನು ಕಠಿನ ಪ್ರಶ್ನೆಗಳಿಂದ ತಡೆದು ನಿಲ್ಲಿಸಿದರೆಂದು ‘ಶೂನ್ಯಸಂಪಾದನೆ’ಯು ಹೇಳುತ್ತದೆ. ಆಕೆಯ ವೈರಾಗ್ಯವನ್ನು ಪ್ರಭುದೇವರು ಅರಿಯದವರಲ್ಲ, ಆದರೂ ಕೇಳಿದರು. ತಾವೊಬ್ಬರು ಅರಿತರೆ ಸಾಲದು, ಗೋಷ್ಠಿಯೆಲ್ಲವೂ ಅರಿಯಬೇಕು. ಅದಕ್ಕೆ ಪ್ರಶ್ನೋತ್ತರದ ಹೊರತು ಅನ್ಯಮಾರ್ಗವಿಲ್ಲ. ಬಹುಮತವಿರುವಲ್ಲಿ ಚರ್ಚೆಯೇಕೆ ಎನ್ನುವವರು ಈ ಪ್ರಸಂಗವನ್ನು ಮನನ ಮಾಡುವುದು ಯುಕ್ತ.

2020ರ ಜೂನ್ 5ರಂದು ಕೃಷಿ ಸಂಬಂಧವಾದ ಮೂರು ಸುಗ್ರೀವಾಜ್ಞೆಗಳು ಹೊರಟವು. (ಆ ಪದವೇ ಅರ್ಥಗರ್ಭಿತವಾದುದು: ಸುಗ್ರೀವನ ಆಜ್ಞೆಗೆ ಕಪಿಗಳು ಓಡಬೇಕಾಗಿತ್ತೇ ಹೊರತು ಎದುರು ಕೇಳುವಂತಿರಲಿಲ್ಲ.) ಅವುಗಳ ಸ್ಥಾನದಲ್ಲಿ ಬಂದ ಮಸೂದೆಗಳಲ್ಲಿ ಎರಡನ್ನು ಲೋಕಸಭೆಯು ಸೆಪ್ಟೆಂಬರ್ 17ರಂದು ಅಂಗೀಕರಿಸಿತು, 20ರ ಭಾನುವಾರ ರಾಜ್ಯಸಭೆಯು ಧ್ವನಿಮತದಿಂದ ಒಪ್ಪಿತು. ಸಮಿತಿಯೊಂದರ ಪರಿಶೀಲನೆಗೆ ಒಪ್ಪಿಸಬೇಕೆಂಬ ಸೂಚನೆಯು ಬಿದ್ದುಹೋಯಿತು. ಮತಗಳನ್ನು ಎಣಿಸಬೇಕೆಂಬ ಬೇಡಿಕೆಯೂ ನೆರವೇರಲಿಲ್ಲ. ಬೇಡಿದವರು ತಮ್ಮ ಆಸನಗಳಲ್ಲಿರಲಿಲ್ಲವೆಂಬುದು ಪೀಠದ ಸಮಾಧಾನ. ಸದಸ್ಯರು ಪೀಠದೆಡೆಗೆ ನುಗ್ಗಿದುದೂ ಶೋಭೆಯಲ್ಲ. ಮರುದಿನ ಎಂಟು ಮಂದಿ ಅಮಾನತ್ತಾದರು.

ಸಭೆಯೊಳಗೆ ತೀರದ ಪ್ರಶ್ನೆಯು ಬೀದಿಗೆ ಬಂದಿತು. ಸಿಂಘು, ಟಿಕ್ರಿ, ಗಾಜೀಪುರಗಳಲ್ಲಿ, ದೆಹಲಿಯ ಗಡಿಗಳಲ್ಲಿ, ರೈತರು ಒಂದು ವರ್ಷಕ್ಕೂ ಮಿಕ್ಕಿ ಕುಳಿತರು. ಆ ಶಾಸನಗಳು ಅವರಿಗೆ ಹಿತವೋ ಅಹಿತವೋ ಎಂಬುದು ಇಲ್ಲಿಯ ವಿಚಾರವಲ್ಲ. ಹಿತವೇ ಆಗಿದ್ದ ಪಕ್ಷದಲ್ಲಿ ನಷ್ಟವು ಇನ್ನೂ ದೊಡ್ಡದು. ತಿಳಿಯ ಹೇಳಿ ಒಪ್ಪಿಸಬಹುದಾಗಿದ್ದ ಮಾತು ಹೇಳದೆಯೇ ಕೆಟ್ಟಿತು.

ಆಪತ್ಕಾಲದಲ್ಲಿ ದೀರ್ಘವಾದವು ಸಲ್ಲದೆಂಬ ಆಕ್ಷೇಪವುಂಟು. ಮನೆಗೆ ಬೆಂಕಿ ಬಿದ್ದಾಗ ಅದು ಸರಿಯೇ. ಧಾನ್ಯದ ಮಾರಾಟದ ಕ್ರಮವು ಅಂತಹ ಬೆಂಕಿಯಲ್ಲ. ದೇಶವಿಭಜನೆಯ ದುರ್ದಿನಗಳಲ್ಲಿಯೂ ಸಂವಿಧಾನಸಭೆಯು ಸುಮಾರು ಮೂರು ವರ್ಷ ನಡೆಯಿತು. ಕರಡಿಗೆ 2,473 ತಿದ್ದುಪಡಿಗಳು ಅದರ ಮುಂದೆ ಮಂಡಿತವಾದವು. ಈ ಲೆಕ್ಕವನ್ನು ಡಾ. ಅಂಬೇಡ್ಕರರೇ 1949ರ ನವೆಂಬರ್ 25ರಂದು ಸಭೆಗೆ ಒಪ್ಪಿಸಿದರು. ಅಷ್ಟು ಕೇಳಿಸಿಕೊಂಡುದರಿಂದ ರಾಜ್ಯಕ್ಕೆ ಕೇಡಾಗಲಿಲ್ಲ.

ಈ ಕಥೆಯ ಉತ್ತರಭಾಗವು ಇನ್ನೂ ವಿಚಿತ್ರವಾದುದು. 2021ರ ನವೆಂಬರ್ 19ರಂದು ಪ್ರಧಾನಿಯವರು ಮೂರು ಶಾಸನಗಳನ್ನೂ ಹಿಂತೆಗೆಯುವುದಾಗಿ ದೇಶಕ್ಕೆ ತಿಳಿಸಿದರು. 29ರಂದು ಉಭಯಸಭೆಗಳೂ ಒಂದೇ ದಿನದಲ್ಲಿ ಅವನ್ನು ರದ್ದುಪಡಿಸಿದವು: ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ, ರಾಜ್ಯಸಭೆಯಲ್ಲಿ ವಿರೋಧಪಕ್ಷದ ನಾಯಕರ ಕೆಲವೇ ಮಾತುಗಳ ಬಳಿಕ. ಹಿಂದೆ ಚರ್ಚೆ ಬೇಡಿದವರು ಈ ಸಲವೂ ಬೇಡಿದರು. ಶಾಸನಗಳನ್ನು ವಿರೋಧಿಸಿದವರು ತಮ್ಮ ಯಾವ ವಾದವು ಸಂದಿತೆಂಬುದನ್ನು ಸಭೆಯಿಂದ ಕೇಳಲಿಲ್ಲ. ಅವನ್ನು ಹಿತವೆಂದೇ ನಂಬಿದ್ದವರು ತಮ್ಮ ನಂಬಿಕೆಯಲ್ಲಿ ತಪ್ಪೇನಿತ್ತೆಂಬುದನ್ನೂ ಕೇಳಲಿಲ್ಲ.