ಪ್ರಸಾದನಿಷ್ಠೆಯೂ ಪ್ಲಾಸ್ಟಿಕ್ ಚೀಲವೂ

ಅಷ್ಟಾವರಣಗಳಲ್ಲೊಂದಾದ ಪ್ರಸಾದದ ಮರ್ಮವನ್ನು ಬಲ್ಲವನು ಒಂದಗುಳನ್ನೂ ಚೆಲ್ಲಲಾರನು. ಲಿಂಗಕ್ಕೆ ಅರ್ಪಿತವಾದುದೇ ಪ್ರಸಾದ. ಅರ್ಪಿತವಾದುದನ್ನು ಬಿಸಾಡುವ ಅಧಿಕಾರ ಭಕ್ತನಿಗಿಲ್ಲ. ಇದನ್ನರಿಯದ ಸದ್ಗೃಹಸ್ಥರು ವಿರಳ. ಆದರೂ ಯಮಕನಮರಡಿಯ ಸೀಮೆಯಲ್ಲಾಗಲಿ, ಹುಕ್ಕೇರಿ ಗೋಕಾಕಗಳ ಕಡೆಯಲ್ಲಾಗಲಿ, ಜಾತ್ರೆಯ ಮರುದಿನ ದಾಸೋಹದ ಬಯಲಿಗೆ ಹೋದವರಿಗೆ ಕಾಣುವುದೇನು? ಮಿಕ್ಕ ಅನ್ನವನ್ನೂ ಹುಗ್ಗಿಯನ್ನೂ ತುಂಬಿ, ಬಾಯಿ ಕಟ್ಟಿ ಎಸೆದ ಪ್ಲಾಸ್ಟಿಕ್ ಚೀಲಗಳು; ಅವುಗಳ ಸುತ್ತ ಹಸಿದ ದನಗಳು.

ಗಂಟು ಬಿಚ್ಚಲು ಹಸುವಿಗೆ ಕೈಯಿಲ್ಲ. ಅನ್ನದ ವಾಸನೆಗೆ ಬಂದ ಆ ಮೂಕಪ್ರಾಣಿಯು ಚೀಲಸಹಿತವಾಗಿ ನುಂಗುತ್ತದೆ. ಪ್ಲಾಸ್ಟಿಕ್ಕು ಜೀರ್ಣವಾಗತಕ್ಕ ವಸ್ತುವಲ್ಲ. ದನದ ಮೊದಲನೆಯ ದೊಡ್ಡ ಹೊಟ್ಟೆಯಲ್ಲಿ ಉಳಿದು, ಒಂದಕ್ಕೊಂದು ಹೆಣೆದುಕೊಂಡು, ವರ್ಷಗಳು ಕಳೆದಂತೆ ಕಲ್ಲಿನಂಥ ಮುದ್ದೆಯಾಗುತ್ತದೆ. ಹೊಟ್ಟೆ ತುಂಬಿದಂತೆ ತೋರುತ್ತದೆ, ಮೈ ಬತ್ತುತ್ತದೆ. ಮೆಲುಕು ನಿಲ್ಲುತ್ತದೆ, ಹಾಲು ಕಡಿಮೆಯಾಗುತ್ತದೆ. ಇದನ್ನು ಕರಗಿಸುವ ಔಷಧವಿಲ್ಲ. ಪಶುವೈದ್ಯರು ಎಡಪಕ್ಕೆಯನ್ನು ಕೊಯ್ದು ಕೈಯಿಂದಲೇ ಹೊರತೆಗೆಯಬೇಕು. ಹತ್ತಾರು ಕಿಲೋ ಪ್ಲಾಸ್ಟಿಕ್ಕು ಒಂದೇ ಹಸುವಿನ ಹೊಟ್ಟೆಯಿಂದ ಬಂದದ್ದುಂಟು. ಕಾರಹುಣ್ಣಿಮೆಯಂದು ಕೊಂಬಿಗೆ ಬಣ್ಣ ಹಚ್ಚಿ ದನವನ್ನು ಪೂಜಿಸುವ ಕೈಯೇ ಈ ಗಂಟನ್ನೂ ಎಸೆಯುತ್ತದೆಯೆಂಬುದು ಹೇಳಲು ನಾಚಿಕೆಯ ಮಾತು.

ಹಳ್ಳಕ್ಕೆ ಎಸೆದರೆ ಚೀಲವು ಕಣ್ಣಿಗೆ ಮರೆಯಾದೀತು, ನಾಶವಾಗದು. ಈ ಸೀಮೆಯ ಹಳ್ಳಗಳ ನೀರು ಘಟಪ್ರಭೆಗೆ ಸೇರುತ್ತದೆ. ಘಟಪ್ರಭೆಯು ಹಿಡಕಲ್ ಜಲಾಶಯವನ್ನೂ ಗೋಕಾಕದ ಜಲಪಾತವನ್ನೂ ದಾಟಿ ಕೃಷ್ಣೆಯನ್ನು ಕೂಡುತ್ತದೆ. ಕೃಷ್ಣೆಯು ಆಲಮಟ್ಟಿಯನ್ನು ದಾಟಿ ಕೂಡಲಸಂಗಮಕ್ಕೆ ಹರಿಯುತ್ತದೆ. ಬಸವಣ್ಣನವರ ಐಕ್ಯಕ್ಷೇತ್ರಕ್ಕೆ ಕೈಮುಗಿಯುವವರು ತಮ್ಮೂರ ಹಳ್ಳವೂ ಅದೇ ನೀರಿನ ದಾರಿಯೆಂಬುದನ್ನು ನೆನೆಯಬೇಕು. ಬಿಸಿಲಿಗೂ ನೀರಿಗೂ ಸಿಕ್ಕ ಪ್ಲಾಸ್ಟಿಕ್ಕು ಕಣ್ಣಿಗೆ ಕಾಣದ ಕಣಗಳಾಗಿ ಒಡೆಯುತ್ತದೆ. 2022ರಲ್ಲಿ ನೆದರ್ಲೆಂಡ್ಸ್ ದೇಶದ ವಿಜ್ಞಾನಿಗಳು 22 ಜನರ ರಕ್ತವನ್ನು ಪರೀಕ್ಷಿಸಲಾಗಿ, 17 ಜನರ ರಕ್ತದಲ್ಲಿ ಇಂಥ ಕಣಗಳು ದೊರೆತವು. ಸುಟ್ಟರೆ ತೊಲಗೀತೆಂದು ಮುಂಜಾನೆ ಅಂಗಳದಲ್ಲಿ ಬೆಂಕಿಯಿಡುವವರ ಮನೆಯ ಮಕ್ಕಳೇ ಆ ವಿಷದ ಹೊಗೆಯನ್ನು ಮೊದಲು ಕುಡಿಯುತ್ತಾರೆ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಸರ್ಕಾರವು 2016ರ ಮಾರ್ಚಿನಲ್ಲಿಯೇ ಕೈಚೀಲ, ತಟ್ಟೆ, ಲೋಟ, ಬ್ಯಾನರುಗಳನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ ಕೇಂದ್ರದ ನಿಷೇಧವು 2022ರ ಜುಲೈ 1ರಿಂದ ಬಂದಿತು. ಆದರೂ ಸಂತೆಯಲ್ಲಿ ಚೀಲ ತೂಗಾಡುತ್ತಲೇ ಇದೆ. ಕೊಡುವ ವ್ಯಾಪಾರಿಯನ್ನು ನಿಂದಿಸುವುದು ಸುಲಭ. ಬರಿಗೈಯಲ್ಲಿ ಸಂತೆಗೆ ಬಂದು ಕೇಳುವವರು ಯಾರು?

ಪ್ಲಾಸ್ಟಿಕ್ಕೆಲ್ಲ ಕೆಟ್ಟದ್ದೆಂದು ಹೇಳುವುದೂ ಸಲ್ಲದು. ಹೊಲಕ್ಕೆ ನೀರು ಹಾಯಿಸುವ ಕೊಳವೆಯೂ ರೋಗಿಗೆ ಏರಿಸುವ ಸಲಾಯಿನ್ನಿನ ಚೀಲವೂ ಉಪಕಾರಿಗಳೇ. ಗಳಿಗೆಯ ಅನುಕೂಲಕ್ಕೆ ನೂರಾರು ವರ್ಷ ಅಳಿಯದ ವಸ್ತುವನ್ನು ಹಿಡಿಯುವುದು ಮಾತ್ರ ಅವಿವೇಕ. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದಷ್ಟೇ ಸಾಕು, ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮನು ಮರಳಿ ಕಳುಹಿದ ಕಥೆಯನ್ನು ಅರಿಯದವರಿಲ್ಲ. ಅಂಗಡಿಯ ಮುಂದೆ ನಿಂತ ಗೃಹಿಣಿಗೆ ಆ ಕಥೆ ನೆನಪಾದರೆ ಅರ್ಧ ಕಸವು ಮನೆಗೆ ಬಾರದು. ಮೇದಾರ ಕೇತಯ್ಯನ ಕಾಯಕವು ಬಿದಿರಿನ ಬುಟ್ಟಿ ಹೆಣೆಯುವುದಾಗಿತ್ತು; ಹರಿದ ಬುಟ್ಟಿಯು ಮಣ್ಣಿಗೆ ಮಣ್ಣಾಗಿ ಸೇರುತ್ತದೆ. ಆ ಕಾಯಕದವರಿಂದ ಬುಟ್ಟಿ ಕೊಂಡರೆ ಅವರ ಒಲೆಯೂ ಉರಿಯುತ್ತದೆ.

ಸಾವಿರಾರು ಜನ ಉಣ್ಣುವಲ್ಲಿ ಇದು ಸಾಧ್ಯವೇ ಎಂದು ದಾಸೋಹದ ಹೊಣೆ ಹೊತ್ತವರು ಕೇಳುವುದುಂಟು. ಮುತ್ತುಗದ ಪತ್ರಾವಳಿ ಇನ್ನೂ ದೊರೆಯುತ್ತದೆ. ಸ್ಟೀಲಿನ ತಟ್ಟೆಗಳನ್ನು ಒಮ್ಮೆ ಕೊಂಡರೆ ಹಲವು ಜಾತ್ರೆಗಳಿಗಾಗುತ್ತವೆ. ಅವನ್ನು ತೊಳೆಯಲು ನಿಲ್ಲುವವನದೂ ಕಾಯಕವೇ. ಮಿಕ್ಕ ಅನ್ನವನ್ನು ಗಂಟು ಕಟ್ಟದೆ ತೆರೆದ ಬುಟ್ಟಿಯಲ್ಲಿಡಬೇಕು. ಹಸುವಿಗೆ ಹಿಡಿಯಷ್ಟೇ ಹಾಕಬೇಕು, ಅನ್ನ ಹೆಚ್ಚಾದರೆ ಅದರ ಹೊಟ್ಟೆ ಹುಳಿಯೇರಿ ಪ್ರಾಣಕ್ಕೇ ಬರುತ್ತದೆ. ಉಳಿದುದು ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ.