ಮೂಕ ಸಾಕ್ಷಿಗೆ ಮಾತು ಬಂದಾಗ

ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರ ‘ಶ್ರೀಸಾಮಾನ್ಯ’ನನ್ನು ಅರಿಯದವರಾರು? ಚೌಕಳಿ ಕೋಟು, ಪಂಚೆ, ಕನ್ನಡಕ, ಬೋಳುತಲೆಯ ಸುತ್ತ ನಾಲ್ಕೆಳೆ ಕೂದಲು. 1951ರಿಂದ ದಶಕಗಟ್ಟಲೆ ‘ಟೈಮ್ಸ್ ಆಫ್ ಇಂಡಿಯಾ’ದ ವ್ಯಂಗ್ಯಚಿತ್ರಗಳಲ್ಲಿ ಕಾಣಿಸಿಕೊಂಡ ಈತ ಮಂತ್ರಿಗಳ ಭಾಷಣದಿಂದ ರಸ್ತೆಯ ಗುಂಡಿಯವರೆಗೆ ಎಲ್ಲವನ್ನೂ ನೋಡಿದ, ಬಾಯಿ ಮಾತ್ರ ಬಿಡಲಿಲ್ಲ.

ಲಕ್ಷ್ಮಣರ ಈ ಲೋಕವೇ 1988ರಲ್ಲಿ ದೂರದರ್ಶನದಲ್ಲಿ ‘ವಾಗ್ಲೆ ಕಿ ದುನಿಯಾ’ ಎಂಬ ಹಾಸ್ಯ ಧಾರಾವಾಹಿಯಾಯಿತು. ಕುಂದನ್ ಶಾ ಅವರ ನಿರ್ದೇಶನ. ವಾಗ್ಲೆಯಾಗಿ ಅಂಜನ್ ಶ್ರೀವಾಸ್ತವ್, ಹೆಂಡತಿ ರಾಧಿಕಾ ಆಗಿ ಭಾರತಿ ಆಚ್ರೇಕರ್. ನಮ್ಮ ಅಹಮದಾಬಾದಿನಲ್ಲಿ ಹುಟ್ಟಿದ ತಾರಕ್ ಮೆಹ್ತಾ ಅವರ ಗುಜರಾತಿ ಅಂಕಣವೂ 2008ರಲ್ಲಿ ಧಾರಾವಾಹಿಯಾಯಿತು, ನಿಜ. ಆದರೆ ಅಂಕಣದಲ್ಲಿ ಮೊದಲೇ ಮಾತಿತ್ತು. ಮೂಕನೊಬ್ಬನನ್ನು ಸಂಸಾರಕ್ಕೆ ಇಳಿಸುವುದು ಬೇರೆಯೇ ಕಷ್ಟ. ಚಿತ್ರದ ಮನುಷ್ಯ ಚೌಕಟ್ಟಿನಲ್ಲೇ ನಿಂತಿರಬಹುದು. ನಟನಾದವನು ಸಂಜೆ ಮನೆಗೆ ಹೋಗಬೇಕು. ಅಲ್ಲಿ ಹೆಂಡತಿ ಮಕ್ಕಳು ಕೇಳುತ್ತಾರೆ, ಉತ್ತರ ಕೊಡಬೇಕು. ಆದ್ದರಿಂದ ವಾಗ್ಲೆಗೆ ಮಾತು ಕೊಟ್ಟದ್ದು ಮೂಲಕ್ಕೆ ಬಗೆದ ದ್ರೋಹವೆಂದು ನಮಗೆ ತೋರುವುದಿಲ್ಲ.

ನಮಗೆ ಇದು ತಿಳಿದದ್ದು ತಡವಾಗಿ. ಒಮ್ಮೆ ಸೂರತ್ತಿನಿಂದ ವಡೋದರಕ್ಕೆ ಬರುವ ರೈಲಿನಲ್ಲಿ ಕೆಲವು ಯುವಕರು ಮುದುಕಿಯೊಬ್ಬಳನ್ನು, ಟಿಕೇಟು ಕೈಯಲ್ಲಿದ್ದರೂ, ಗದರಿಸಿ ಎಬ್ಬಿಸಿದರು. ಕೇಂದ್ರ ಸರ್ಕಾರದ ಗುಮಾಸ್ತರಾದ ನಾವು ನಾಲ್ವರು ಪತ್ರಿಕೆಯನ್ನು ಮುಖಕ್ಕೆ ಹಿಡಿದು ಕುಳಿತೆವು. ರಾತ್ರಿ ಊಟಕ್ಕೆ ಕುಳಿತಾಗ, ಕಾಲ ಕೆಟ್ಟುಹೋಯಿತೆಂದು ಈ ಸಂಗತಿಯನ್ನು ಮನೆಯಲ್ಲಿ ಬಣ್ಣಿಸಿದೆವು. ಮಗಳು ಕೇಳಿದಳು:

“ಅಪ್ಪಾ, ಆಗ ನೀವೇನಂದ್ರಿ?”

ಸಾರು ಬಡಿಸುತ್ತಿದ್ದ ಮನೆಯಾಕೆ ಅಂದಳು: “ನಿಮ್ಮಪ್ಪ ಏನಂತಾರೆ? ಪೇಪರ್ ಓದ್ತಿದ್ರು!”

ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

‘ನಾವು ಸಾಮಾನ್ಯರು, ನಮ್ಮಿಂದೇನಾದೀತು?’ ಎನ್ನುವಾಗಲೆಲ್ಲ ನಾವು ಲಕ್ಷ್ಮಣರ ಆ ವೃದ್ಧನನ್ನು ಗುರಾಣಿಯಾಗಿ ಹಿಡಿಯುತ್ತೇವೆ. ಅವನ ಮೌನದ ಹಿಂದೆ ಲಕ್ಷ್ಮಣರ ಕುಂಚವಿತ್ತು. ಅವನು ಹೇಳದ್ದನ್ನು ಅದು ಊರಿಗೆಲ್ಲ ಹೇಳುತ್ತಿತ್ತು. ನಮ್ಮ ಮೌನದ ಹಿಂದೆ ಇದ್ದದ್ದು ಅಂಜಿಕೆ ಮಾತ್ರ. ಅದನ್ನು ತಾಳ್ಮೆಯೆಂದು ಕರೆದುಕೊಂಡರೆ ಆ ಮುದುಕಿಗೆ ಸೀಟು ಸಿಗುವುದಿಲ್ಲ.

ವೀರಾವೇಶವೇನೂ ಬೇಕಿರಲಿಲ್ಲ. “ಥೋಡಾ ಖಸೋ, ಮಾಜಿನೆ ಬೇಸವಾ ದೋ” — ಸ್ವಲ್ಪ ಸರಿಯಿರಿ, ಅಜ್ಜಿ ಕೂರಲಿ. ಅಷ್ಟು ಗುಜರಾತಿ ನಮಗೆ ಬರುತ್ತಿತ್ತು.