ಮೇಲ್ಸೇತುವೆಯ ಮೇಲಿನ ಕಾರುಗಳು

2024ರ ಅಕ್ಟೋಬರಿನಲ್ಲಿ ಭಾರಿ ಮಳೆಯ ಮುನ್ಸೂಚನೆ ಬಂದದ್ದೇ ತಡ, ಚೆನ್ನೈನ ವೇಳಚ್ಚೇರಿಯ ಜನ ಕಾರುಗಳನ್ನು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಇಂಥದ್ದು ಕಂಡರೆ ‘ಸರ್ಕಾರದ ಮೇಲೆ ಜನಕ್ಕೆ ನಂಬಿಕೆ ಹೋಗಿದೆ’ ಎನ್ನುತ್ತೇವೆ. ಮೊಣಕಾಲುದ್ದ ನೀರಲ್ಲಿ ನಿಂತು ಕೌನ್ಸಿಲರನ್ನು ತರಾಟೆಗೆ ತೆಗೆದುಕೊಳ್ಳುವವರ ಬಗ್ಗೆಯೂ ಅದೇ ಮಾತು. ಎರಡೂ ಒಂದೇ ಅಲ್ಲ.

ಮಳೆ ಕೈಕೊಟ್ಟಿತು ಎನ್ನುತ್ತೇವೆ. ಮಳೆ ನಂಬಿಕೆದ್ರೋಹ ಮಾಡಿತು ಎನ್ನುವುದಿಲ್ಲ. ಆನೆಟ್ ಬೈಯರ್ ಎಂಬ ತತ್ತ್ವಜ್ಞೆ 1986ರ ಪ್ರಬಂಧವೊಂದರಲ್ಲಿ ಬಿಡಿಸಿ ತೋರಿಸಿದ್ದು ಈ ಎಳೆಯನ್ನೇ. ದಾರ್ಶನಿಕ ಕಾಂಟ್‌ನ ದಿನಚರಿ ನೋಡಿ ನೆರೆಹೊರೆಯವರು ಹೊತ್ತು ತಿಳಿಯುತ್ತಿದ್ದರಂತೆ. ಒಂದು ದಿನ ಆತ ಮಲಗೇ ಇದ್ದನೆನ್ನಿ. ಅವರಿಗೆ ಪೇಚಾಟವಾದೀತು, ಆದರೆ ‘ಮೋಸಮಾಡಿದ’ ಎನ್ನುವ ಹಕ್ಕಿಲ್ಲ. ಅವರು ಅವನನ್ನು ನೆಚ್ಚಿಕೊಂಡಿದ್ದರು, ಅಷ್ಟೆ. ನೆಚ್ಚಿಕೆ ಸುಳ್ಳಾದರೆ ನಿರಾಸೆ. ನಂಬಿಕೆ ಮುರಿದರೆ ಗಾಯ.

2015ರ ಡಿಸೆಂಬರ್ 1ರ ರಾತ್ರಿ ಚೆನ್ನೈ ಬಳಿಯ ಚೆಂಬರಂಬಾಕ್ಕಂ ಜಲಾಶಯದಿಂದ ಸೆಕೆಂಡಿಗೆ 29,000 ಘನ ಅಡಿ ನೀರನ್ನು ಅಡ್ಯಾರ್ ನದಿಗೆ ಬಿಡಲಾಯಿತು. ಊರಿಗೆ ಪ್ರವಾಹ ನುಗ್ಗಿತು. ಸರ್ಕಾರ ಅಸಾಧಾರಣ ಮಳೆಯತ್ತ ಬೆರಳು ತೋರಿತು. ಇದು ಮನುಷ್ಯರೇ ತಂದುಕೊಂಡ ಅನಾಹುತವೆಂದು 2018ರಲ್ಲಿ ಸರ್ಕಾರಿ ಲೆಕ್ಕಪರಿಶೋಧಕರಾದ ಸಿಎಜಿಯ ವರದಿ ಹೇಳಿತು. ಜಗಳವೆಲ್ಲ ಅಲ್ಲೇ ಇದೆ: ಮಳೆಯಾದರೆ ನಿರಾಸೆ, ಗೇಟಿನ ಚಕ್ರ ತಿರುಗಿಸುವ ಕೈಯಾದರೆ ದ್ರೋಹ. ಇಂದಿಗೂ ಸಿಟ್ಟಾಗುವವರು ಆ ಕೈಗೊಂದು ಹೊಣೆಯಿದೆ ಎಂದು ನಂಬಿರುವವರು. ಸದ್ದಿಲ್ಲದೆ ಕಾರು ಸರಿಸಿದವರು ಸರ್ಕಾರವನ್ನು ಹವಾಮಾನದ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಅಧಿಕಾರಿಗಳು ಹೆದರಬೇಕಾದದ್ದು ಈ ಮೌನಕ್ಕೆ, ಕೂಗಾಟಕ್ಕಲ್ಲ.

ರಾಜಕೀಯ ಚಿಂತಕ ಫ್ರಾನ್ಸಿಸ್ ಫುಕುಯಾಮ ನಂಬಿಕೆಯ ಕುರಿತ 1995ರ ತನ್ನ ಪುಸ್ತಕದಲ್ಲಿ ದೇಶದೇಶಗಳಿಗೆ ‘ಹೆಚ್ಚು ನಂಬಿಕೆ’, ‘ಕಡಿಮೆ ನಂಬಿಕೆ’ ಎಂಬ ಚೀಟಿ ಅಂಟಿಸಿದ. ನನಗೆ ಆ ಪುಸ್ತಕ ಎಂದೂ ಹಿಡಿಸಿಲ್ಲ. ನಂಬಿಕೆಯೇನು ಸೇರಿನಲ್ಲಿ ಅಳೆಯುವ ಅಕ್ಕಿಯೆ? ಆ ಪ್ರವಾಹದಲ್ಲಿ ಚೆನ್ನೈನ ಮನೆಗಳು, ಮಸೀದಿಗಳು ಗುರುತಿಲ್ಲದವರಿಗೂ ಬಾಗಿಲು ತೆರೆದವು. ಅದೇ ಜನ ಸರ್ಕಾರದ ಮಾತಿಗೆ ಮೂಗು ಮುರಿದರು. ಈ ಊರಿಗೆ ಯಾವ ಚೀಟಿ? ಯಾರನ್ನು, ಯಾವ ಕೆಲಸಕ್ಕೆ ಎಂದು ಕೇಳದೆ ನಂಬಿಕೆಯ ಮಾತೇ ಹುಟ್ಟದು.

ಇನ್ನು ಕಾರಿಲ್ಲದವರು. ಅವರಿಗೆ ಸರ್ಕಾರವನ್ನು ನಂಬದಿರುವ ಸವಲತ್ತೂ ಇಲ್ಲ. ಅಡ್ಯಾರ್ ದಂಡೆಯಿಂದ ಎಬ್ಬಿಸಿದ ಎಷ್ಟೋ ಕುಟುಂಬಗಳಿಗೆ ಮನೆ ಕೊಟ್ಟದ್ದು ಪೆರುಂಬಾಕ್ಕಂನಲ್ಲಿ, ಪಳ್ಳಿಕರಣೈ ಜೌಗಿನ ಮಗ್ಗುಲಲ್ಲಿ. ಮಳೆ ಜೋರಾದರೆ ಅಲ್ಲೂ ನೀರು ನಿಲ್ಲುತ್ತದೆ.